ಬಾಗಬೇಕಾದ್ದು ಯಾವುದು, ಬಾಗಬಾರದ್ದು ಯಾವುದು: ಕಾರಿನ ಡಿಕ್ಕಿಯ ಪ್ಲಾಸ್ಟಿಕ್ ಕೊಕ್ಕೆಯ ವಿನ್ಯಾಸ

(ಇಂಜೆಕ್ಷನ್ ಮೋಲ್ಡಿಂಗ್, ಅಂದರೆ ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ ತುಂಬಿ ತುಂಡು ತೆಗೆಯುವ ಕೆಲಸ, ಮತ್ತು ಅಚ್ಚಿನ ವಿನ್ಯಾಸ ಕಲಿಯುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಹ್ಯಾಚ್‌ಬ್ಯಾಕ್ ಕಾರಿನ ಡಿಕ್ಕಿ ತೆರೆದರೆ ಪಕ್ಕದ ಗೋಡೆಯಲ್ಲಿ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಕೊಕ್ಕೆಯೊಂದು ಕಾಣುತ್ತದೆ. ತರಕಾರಿ ಚೀಲ ಉರುಳಿ ಟೊಮೆಟೊ ಡಿಕ್ಕಿಯ ತುಂಬ ಹರಡದಿರಲಿ ಎಂದು ಕೊಟ್ಟಿರುವ ಸೌಕರ್ಯ ಅದು. ಸಾಮಾನಿನ ಮೇಲೆ ಎಳೆದ ಬಲೆಯ ತುದಿಯನ್ನು ಸಿಕ್ಕಿಸುವುದಕ್ಕೂ ಅದೇ. ತೂಗಿದರೆ ಹತ್ತು ಹದಿನೈದು ಗ್ರಾಂ. ಗೇರು, ಬಂಪರ್ ಎಲ್ಲ ಬಿಟ್ಟು ಇವತ್ತು ಇದನ್ನೇ ಹಿಡಿದುಕೊಂಡಿದ್ದಕ್ಕೆ ಕಾರಣವಿದೆ: ಇಷ್ಟು ಚಿಕ್ಕ ತುಂಡಿನಲ್ಲಿ ಮಾಡಬಹುದಾದ ತಪ್ಪುಗಳು ಅಷ್ಟಿವೆ.

‘ಬಾಗುವ ಕೊಕ್ಕೆ ಬೇಕು’ ಎಂದು ಕಾರು ಕಂಪನಿಯವರು ಕೇಳಿದ ಕೂಡಲೇ ಹೊಸಬರು ಮೆತ್ತನೆಯ ಪ್ಲಾಸ್ಟಿಕ್ ಹುಡುಕಲು ಹೊರಡುತ್ತಾರೆ. ಹಾಗೆ ಶುರು ಮಾಡಬೇಡಿ. ಕೊಕ್ಕೆಗೆ ಮೂರು ಕೆಲಸಗಳಿವೆ. ಭಾರ ಹೊರಬೇಕು, ಚೀಲದ ಹಿಡಿಗೆ ಒಳಗೆ ಬರಲು ದಾರಿ ಕೊಟ್ಟು ಹೊರಗೆ ಹೋಗದಂತೆ ತಡೆಯಬೇಕು, ಕಾರಿನ ತಗಡನ್ನು ಗಟ್ಟಿಯಾಗಿ ಹಿಡಿದಿರಬೇಕು. ಮೊದಲ ಕೆಲಸಕ್ಕೆ ಬಾಗು ಬೇಡವೇ ಬೇಡ. ಎರಡನೆಯದಕ್ಕೆ ಸಾವಿರಾರು ಸಲ ಬಾಗಬೇಕು. ಮೂರನೆಯದಕ್ಕೆ ಜೋಡಣೆಯ ಹೊತ್ತಿನಲ್ಲಿ ಒಂದು ಸಲ ಬಾಗಿದರೆ ಸಾಕು. ಮೂರನ್ನೂ ಒಂದೇ ತೋಳಿನ ಮೇಲೆ ಹೇರಿದರೆ ಮೂರೂ ಕೆಡುತ್ತವೆ. ಆದ್ದರಿಂದ ಭಾರ ಹೊರುವ ತೋಳು, ಬಾಯಿ ಮುಚ್ಚುವ ನಾಲಿಗೆ, ತಗಡು ಹಿಡಿಯುವ ಬುಡ, ಈ ಮೂರನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕೋಣ.

ಚಿತ್ರ ಬರೆಯುವ ಮೊದಲು ಭಾರ ಬರೆದಿಡಿ. ಕೊಕ್ಕೆಯ ಮೇಲೆ ಕೊಡುವ ಮಿತಿ 3 ಕೆ.ಜಿ. ಎಂದಿಟ್ಟುಕೊಳ್ಳಿ. ಸುಮ್ಮನೆ ನೇತಾಡುವಾಗ 30 ನ್ಯೂಟನ್. ರಸ್ತೆಯ ಹಂಪ್ ಹಾರಿದಾಗ, ಗುಂಡಿಗೆ ಇಳಿದಾಗ ಚೀಲ ಮೇಲೆದ್ದು ಬೀಳುತ್ತದೆ. ಅದಕ್ಕೆ ನಾವು ಮೂರು ಪಟ್ಟು, ಅಂದರೆ 90 ನ್ಯೂಟನ್ ಹಿಡಿಯುತ್ತೇವೆ. ಬ್ರೇಕಿನ ಲೆಕ್ಕಕ್ಕೆ ಸರಕು ಕಟ್ಟುವ ಯುರೋಪಿನ ಮಾನದಂಡ ಇಎನ್ 12195-1 ಒಳ್ಳೆಯ ಅಳತೆಗೋಲು: ಮುಂದಕ್ಕೆ ಗುರುತ್ವದ 0.8 ಪಾಲು, ಪಕ್ಕಕ್ಕೂ ಹಿಂದಕ್ಕೂ 0.5 ಪಾಲು. 3 ಕೆ.ಜಿ.ಗೆ ಇದು ಮುಂದಕ್ಕೆ 24 ನ್ಯೂಟನ್ ಆಗುತ್ತದೆ. ಇದು ಕೊಕ್ಕೆಗೆ ಅಡ್ಡಲಾಗಿ ಬರುವ ಬಲ ಎಂಬುದನ್ನು ಮರೆಯಬೇಡಿ. ಕೆಳಮುಖದ ಭಾರಕ್ಕೆ ಮಾತ್ರ ಲೆಕ್ಕ ಹಾಕಿದ ತೆಳುವಾದ ಕೊಕ್ಕೆ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ.

ಅಪಘಾತದ ಮಾತೇ ಬೇರೆ. ಸೀಟುಗಳಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 17ನೇ ನಿಯಮದಲ್ಲಿ ತಲಾ 18 ಕೆ.ಜಿ.ಯ ಎರಡು ದಿಮ್ಮಿಗಳನ್ನು ಡಿಕ್ಕಿಯಲ್ಲಿಟ್ಟು ಹಿಂಬದಿ ಸೀಟಿನ ಬೆನ್ನು ತಡೆಯುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಘನಾಕೃತಿ, ಪ್ರತಿ ಬದಿ 300 ಮಿ.ಮೀ., ವೇಗ ಗಂಟೆಗೆ ಸುಮಾರು 50 ಕಿ.ಮೀ. ಆ ವೇಗದಲ್ಲಿ ಒಂದು ದಿಮ್ಮಿಯ ಚಲನಶಕ್ತಿ 1,700 ಜೌಲ್ ದಾಟುತ್ತದೆ. ಅದನ್ನು ತಡೆಯುವುದು ಸೀಟಿನ ಉಕ್ಕಿನ ಚೌಕಟ್ಟು, ನೆಲಕ್ಕೆ ಬೆಸೆದ ಲೋಹದ ಬಳೆಗಳು, ನೇಯ್ದ ಪಟ್ಟಿಗಳು. ಪ್ಲಾಸ್ಟಿಕ್ ಕೊಕ್ಕೆಯನ್ನು ಆ ಸಾಲಿಗೆ ಸೇರಿಸುವ ಆಸೆ ಮಾರಾಟ ವಿಭಾಗದವರಿಗೆ ಆಗಾಗ ಹುಟ್ಟುತ್ತದೆ. ವಿನ್ಯಾಸಕಾರರು ಅದಕ್ಕೆ ಒಪ್ಪಬಾರದು. ಒಪ್ಪಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಕೊಕ್ಕೆಯ ಮುಖದ ಮೇಲೇ ‘ಗರಿಷ್ಠ 3 ಕೆ.ಜಿ.’ ಎಂದು ಅಚ್ಚಿನಲ್ಲಿ ಕೆತ್ತಿಸಿಬಿಡಿ. ಸ್ಟಿಕ್ಕರ್ ಬೇಡ, ಒಂದು ಬೇಸಿಗೆಯಲ್ಲಿ ಕಿತ್ತುಬರುತ್ತದೆ.

ಈಗ ತೋಳು. 90 ನ್ಯೂಟನ್ ಭಾರ ಬುಡದಿಂದ 20 ಮಿ.ಮೀ. ದೂರದಲ್ಲಿ ಕೂತಿದೆ, ಬಾಗಿಸುವ ಬಲ 1,800 ನ್ಯೂಟನ್-ಮಿ.ಮೀ. ತೋಳು 12 ಮಿ.ಮೀ. ಅಗಲ, 6 ಮಿ.ಮೀ. ಎತ್ತರದ ಗಟ್ಟಿ ಪಟ್ಟಿಯಾಗಿದ್ದರೆ ಬುಡದ ಮೇಲ್ಮೈಯಲ್ಲಿ 25 ಮೆಗಾಪಾಸ್ಕಲ್ ಸ್ಟ್ರೆಸ್ (ಪ್ರತಿ ಚದರ ಮಿ.ಮೀ. ಮೇಲೆ ಬೀಳುವ ಬಲ, ನ್ಯೂಟನ್‌ಗಳಲ್ಲಿ) ಹುಟ್ಟುತ್ತದೆ. ಇಂಥ ಕೊಕ್ಕೆಗೆ ನಾವು ಕೊನೆಗೆ ಆರಿಸಲಿರುವ ಪ್ಲಾಸ್ಟಿಕ್ ಅಸಿಟಾಲ್ ಕೋಣೆಯ ಉಷ್ಣತೆಯಲ್ಲಿ 60ರ ಆಸುಪಾಸಿನವರೆಗೆ ತಡೆಯುತ್ತದೆ, ಆದರೆ 80 ಡಿಗ್ರಿ ಶಾಖದಲ್ಲಿ ಅದರ ಬಲ ಅರ್ಧಕ್ಕೆ ಇಳಿಯುತ್ತದೆ. ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಒಳಗನ್ನು ನೆನೆದರೆ 25 ಎಂಬುದು ಧೈರ್ಯ ಕೊಡುವ ಸಂಖ್ಯೆಯಲ್ಲ. ಮೇಲಾಗಿ 6 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಒಳಗಿನಿಂದ ತಣಿಯುವಷ್ಟರಲ್ಲಿ ಮೇಲ್ಮೈ ತಗ್ಗು ಬೀಳುತ್ತದೆ, ಇಲ್ಲವೇ ನಡುವೆ ಗುಳ್ಳೆ ಕೂರುತ್ತದೆ.

ಅದೇ ಪ್ಲಾಸ್ಟಿಕ್ಕನ್ನು ರೈಲು ಹಳಿಯ ಹಾಗೆ ಹಂಚಿ ನೋಡಿ. ಅಗಲ 12, ಎತ್ತರ 10. ಮೇಲೆ ಕೆಳಗೆ 2.5 ಮಿ.ಮೀ. ದಪ್ಪದ ಪಟ್ಟಿಗಳು, ನಡುವೆ 1.5 ಮಿ.ಮೀ. ದಪ್ಪದ ಗೋಡೆ. ಅಡ್ಡಕೊಯ್ತದ ವಿಸ್ತೀರ್ಣ 72ರಿಂದ 67.5 ಚದರ ಮಿ.ಮೀ.ಗೆ ಇಳಿಯಿತು, ಸ್ಟ್ರೆಸ್ 25ರಿಂದ 10ಕ್ಕೆ ಬಂತು. ನಡುಗೋಡೆಯನ್ನೂ 2.5 ಇಟ್ಟರೆ ಸ್ಟ್ರೆಸ್‌ನಲ್ಲಿ ಸಿಗುವ ಲಾಭ ನಗಣ್ಯ, ಆದರೆ ಅದು ಪಟ್ಟಿಗೆ ಸೇರುವ ಕಡೆ ಹೊರಮೈಯಲ್ಲಿ ತಗ್ಗು ಕಾಣಿಸುತ್ತದೆ. ಗೋಡೆಯ ದಪ್ಪ ಪಟ್ಟಿಯ ದಪ್ಪದ ಶೇಕಡಾ 60 ಮೀರಬಾರದು ಎಂಬ ನಿಯಮ ಬಂದದ್ದು ಇದಕ್ಕೇ.

ಒಂದು ಎಚ್ಚರಿಕೆ. ಈ ಲೆಕ್ಕ ನೇರ ತೋಳಿಗೆ ಸಂಬಂಧಿಸಿದ್ದು. ಕೊಕ್ಕೆ ಬಳುಕಿದೆ. ಬಳುಕಿದ ಕಡೆ ಒಳಮೈ ಹೆಚ್ಚು ನೋಯುತ್ತದೆ; ಒಳತ್ರಿಜ್ಯವೂ 10 ಮಿ.ಮೀ., ಎತ್ತರವೂ 10 ಮಿ.ಮೀ. ಇದ್ದರೆ ಸುಮಾರು ಶೇಕಡಾ 30 ಹೆಚ್ಚು. ಆದ್ದರಿಂದ 10 ಅನ್ನು 13 ಎಂದು ಓದಿಕೊಳ್ಳಿ. ಅಂದಕ್ಕೆಂದು ಒಳತ್ರಿಜ್ಯವನ್ನು 3 ಮಿ.ಮೀ.ಗೆ ಇಳಿಸುವ ಸ್ಟೈಲಿಂಗ್ ವಿಭಾಗದವರಿಗೆ ಈ ಲೆಕ್ಕವನ್ನೇ ತೋರಿಸಬೇಕು.

ನಾಲಿಗೆಯ ಲೆಕ್ಕ ಬೇರೆ ಜಾತಿಯದು. ಇಲ್ಲಿ ಭಾರ ಮುಖ್ಯವಲ್ಲ. ಎಷ್ಟು ಬಾಗಬೇಕೆಂಬುದು ಮೊದಲೇ ನಿಶ್ಚಯ. ಚೀಲದ ಹಿಡಿ ನುಗ್ಗಲು ನಾಲಿಗೆಯ ತುದಿ 4 ಮಿ.ಮೀ. ಒಳಗೆ ಸರಿಯಬೇಕು ಎನ್ನೋಣ. ಒಂದೇ ದಪ್ಪದ ನಾಲಿಗೆಯ ಬುಡದಲ್ಲಿ ಹುಟ್ಟುವ ಸ್ಟ್ರೇನ್, ಅಂದರೆ ಮೂಲ ಉದ್ದದ ಎಷ್ಟು ಪಾಲು ಹಿಗ್ಗಿತು ಎಂಬುದನ್ನು ತಿಳಿಯಲು ದಪ್ಪವನ್ನು ಬಾಗುವ ದೂರದಿಂದ ಗುಣಿಸಿ, ಒಂದೂವರೆ ಪಟ್ಟು ಮಾಡಿ, ಉದ್ದದ ವರ್ಗದಿಂದ ಭಾಗಿಸಿ. ದಪ್ಪ 1.2, ಉದ್ದ 20 ಇದ್ದರೆ 0.018, ಅಂದರೆ ಶೇಕಡಾ 1.8. ಅಗಲ 8 ಮಿ.ಮೀ. ಇಟ್ಟರೆ ಅದನ್ನು ಒತ್ತಲು ಬೇಕಾದ ಬಲ ಸುಮಾರು 4.5 ನ್ಯೂಟನ್, ಒಂದು ಬೆರಳಿನ ಕೆಲಸ.

ಈ ಸೂತ್ರದಲ್ಲಿ ಉದ್ದದ ತಲೆಯ ಮೇಲೆ ವರ್ಗ ಕೂತಿರುವುದನ್ನು ಗಮನಿಸಿ. ನಾಲಿಗೆ ಮೆತ್ತಗಾಯಿತು ಎಂದು ದಪ್ಪವನ್ನು 2.4ಕ್ಕೆ ಏರಿಸಿದರೆ ಸ್ಟ್ರೇನ್ ಎರಡು ಪಟ್ಟು, ಒತ್ತುವ ಬಲ ಎಂಟು ಪಟ್ಟು: 36 ನ್ಯೂಟನ್. ಜಾಗ ಇಲ್ಲ ಎಂದು ಉದ್ದವನ್ನು ಅರ್ಧ ಮಾಡಿದರೆ ಸ್ಟ್ರೇನ್ ನಾಲ್ಕು ಪಟ್ಟು ಏರಿ ಶೇಕಡಾ 7.2 ಮುಟ್ಟುತ್ತದೆ, ಅಂಥ ನಾಲಿಗೆ ವಾರ ಬಾಳುವುದಿಲ್ಲ. ಜಾಗ ಕಡಿಮೆಯಿದ್ದರೆ ನಾಲಿಗೆಯನ್ನು ಬಳುಕಿಸಿ ಉದ್ದ ಸಂಪಾದಿಸಿ. ಇನ್ನೊಂದು ಉಪಾಯ, ಬುಡದಿಂದ ತುದಿಗೆ ಹೋಗುತ್ತ ದಪ್ಪವನ್ನು ಅರ್ಧಕ್ಕೆ ಇಳಿಸುವುದು. ಆಗ ಬಾಗು ಬುಡದಲ್ಲೇ ಗುಂಪಾಗದೆ ಇಡೀ ಉದ್ದಕ್ಕೆ ಹರಡುತ್ತದೆ. ಅದೇ 4 ಮಿ.ಮೀ. ಸರಿತಕ್ಕೆ ಸ್ಟ್ರೇನ್ ಶೇಕಡಾ 1.8ರಿಂದ 1.1ಕ್ಕೆ ಇಳಿಯುತ್ತದೆ. ನಮ್ಮ ಮಟ್ಟಿಗೆ ಈ ಇಡೀ ಕೊಕ್ಕೆಯಲ್ಲಿ ಖರ್ಚಿಲ್ಲದೆ ಸಿಗುವ ಅತಿ ದೊಡ್ಡ ಲಾಭ ಇದೇ.

ಎಷ್ಟು ಸ್ಟ್ರೇನ್ ಸರಿ? ಸ್ನ್ಯಾಪ್ ಜೋಡಣೆಯ (ಬಾಗಿ ಒಳನುಗ್ಗಿ ಟಕ್ ಎಂದು ಸಿಕ್ಕಿಕೊಳ್ಳುವ ಜೋಡಣೆಯ) ರೂಢಿಯ ನಿಯಮವೆಂದರೆ, ಒಂದು ಸಲ ಬಾಗಲು ಒಪ್ಪಿದ ಮಿತಿಯ ಶೇಕಡಾ 60ನ್ನು ಮಾತ್ರ ಮತ್ತೆ ಮತ್ತೆ ಬಾಗುವ ಭಾಗಕ್ಕೆ ಇಟ್ಟುಕೊಳ್ಳಬೇಕು. ಅಸಿಟಾಲ್ ನಾಲಿಗೆಗೆ ನಾವು ಶೇಕಡಾ 2 ದಾಟುವುದಿಲ್ಲ. ದಿನಕ್ಕೊಂದು ಸಲ, ಹತ್ತು ವರ್ಷ ಎಂದರೆ 3,650 ಸಲ. ಪರೀಕ್ಷೆಯಲ್ಲಿ 5,000 ಸಲ ಬಾಗಿಸಿ ನೋಡಬೇಕು.

ನಾಲಿಗೆಯ ತುದಿ ಎಲ್ಲಿ ಕೂರಬೇಕು ಎಂಬುದರಲ್ಲಿ ಬಹಳಷ್ಟು ಜನ ಎಡವುತ್ತಾರೆ. ಅದು ಕೊಕ್ಕೆಯ ಮೂತಿಯ ಒಳಬದಿಗೆ ತಾಗಿ ನಿಲ್ಲಬೇಕು. ಹಂಪ್‌ನಲ್ಲಿ ಚೀಲ ಮೇಲೆ ಹಾರಿ ನಾಲಿಗೆಯನ್ನು ಹೊರಗೆ ನೂಕಿದಾಗ ನಾಲಿಗೆ ಬಾಗದೆ ಮೂತಿಗೆ ಒರಗಿಕೊಳ್ಳಬೇಕು. ಹೊರಬದಿಯಲ್ಲಿ ಇಟ್ಟರೆ ಚೀಲ ಹೊರಬೀಳುವ ದಿಕ್ಕಿಗೇ ಬಾಗಿಲು ತೆರೆದು ಕೊಟ್ಟಂತಾಯಿತು.

ಇನ್ನು ಬುಡ. ಕಾರಿನ ಒಳತಗಡು 0.7ರಿಂದ 0.8 ಮಿ.ಮೀ. ದಪ್ಪ. ಭಾರ ತಗಡಿನಿಂದ 35 ಮಿ.ಮೀ. ಮುಂದೆ ನೇತಾಡುತ್ತದೆ, ಹಾಗಾಗಿ ಬುಡದ ಮೇಲಂಚು ತಗಡಿನಿಂದ ಕಿತ್ತುಬರಲು ನೋಡುತ್ತದೆ, ಕೆಳಂಚು ತಗಡಿಗೆ ಒತ್ತುತ್ತದೆ. ಮೇಲಿನ ಹಿಡಿತಕ್ಕೂ ಕೆಳಗಿನ ಒತ್ತಿಗೂ 30 ಮಿ.ಮೀ. ಅಂತರವಿದ್ದರೆ 90 ನ್ಯೂಟನ್ ಭಾರ ಮೇಲಂಚನ್ನು 105 ನ್ಯೂಟನ್‌ನಿಂದ ಎಳೆಯುತ್ತದೆ. ಅಂತರ 15 ಆದರೆ 210. ಅಂದಮೇಲೆ ಬಾಗುವ ಸ್ನ್ಯಾಪನ್ನು ಮೇಲೆ ಇಡಲೇಬಾರದು. ಮೇಲೆ ಬಾಗದ ತುಟಿ, ತಗಡಿನ ಹಿಂದೆ 3 ಮಿ.ಮೀ. ಒಳಗೆ, ಕೆಳಗೆ ಸ್ನ್ಯಾಪ್. ಜೋಡಿಸುವಾತ ಕೊಕ್ಕೆಯನ್ನು ಓರೆಯಾಗಿ ಹಿಡಿದು ತುಟಿಯನ್ನು ರಂಧ್ರದ ಮೇಲಂಚಿನ ಹಿಂದೆ ತೂರಿಸಿ, ಕೆಳಗೆ ಒತ್ತಿದರೆ ಟಕ್ ಎಂದು ಕೂರುತ್ತದೆ. ಭಾರ ಹೆಚ್ಚಿದಷ್ಟೂ ಸ್ನ್ಯಾಪ್ ಇರುವ ಕಡೆ ತಗಡಿಗೆ ಒತ್ತುತ್ತದೆಯೇ ಹೊರತು ಅದನ್ನು ಕಿತ್ತು ತೆಗೆಯುವುದಿಲ್ಲ.

ಸ್ನ್ಯಾಪಿನ ಕಾಲು 12 ಮಿ.ಮೀ. ಉದ್ದ, 1.8 ದಪ್ಪ, 1.5 ಮಿ.ಮೀ. ಬಾಗು: ಅದೇ ಸೂತ್ರದಿಂದ ಶೇಕಡಾ 2.8. ಒಂದು ಸಲದ ಬಾಗಿಗೆ ಅಸಿಟಾಲ್ ಇದನ್ನು ಸಲೀಸಾಗಿ ತಾಳುತ್ತದೆ. ಆದರೆ ಕೂತ ಮೇಲೆ ಕಾಲು ಪೂರ್ತಿ ಸಡಿಲಾಗಿ ತನ್ನ ಮೂಲ ಸ್ಥಾನಕ್ಕೆ ಮರಳಿರಬೇಕು. ‘ಗಟ್ಟಿಯಾಗಿ ಕೂರಲಿ’ ಎಂದು ಬಾಗಿದ ಸ್ಥಿತಿಯಲ್ಲೇ ಬಿಟ್ಟರೆ ಕೆಲವು ಬೇಸಿಗೆಗಳಲ್ಲಿ ಪ್ಲಾಸ್ಟಿಕ್ ಆ ಬಾಗನ್ನೇ ತನ್ನದು ಮಾಡಿಕೊಳ್ಳುತ್ತದೆ, ಹಿಡಿತ ಹೋಗಿ ಕಟಕಟ ಸದ್ದು ಶುರುವಾಗುತ್ತದೆ. ಸದ್ದು ತಡೆಯಲು ಬುಡಕ್ಕೂ ತಗಡಿಗೂ ನಡುವೆ ತೆಳುವಾದ ರಬ್ಬರ್ ಇಲ್ಲವೇ ಫೋಮ್ ಹಾಳೆ ಇಡುವುದು ವಾಸಿ. ರಂಧ್ರ ಹೊಡೆದಾಗ ತಗಡಿನ ಒಂದು ಬದಿಗೆ ಚೂಪು ಅಂಚು ಏಳುತ್ತದೆ. ಯಾವ ಬದಿಯಿಂದ ಪಂಚ್ ಹೊಡೆಯುತ್ತಾರೆ ಎಂದು ಪ್ರೆಸ್ ವಿಭಾಗದವರನ್ನು ಕೇಳಿಕೊಳ್ಳಿ. ಆ ಅಂಚು ತುಟಿಯ ಬುಡವನ್ನು ಕೊರೆಯುವ ಕಡೆ ಇದ್ದರೆ ಮೇಲೆ ಹಾಕಿದ ಲೆಕ್ಕವೆಲ್ಲ ನೀರಿನಲ್ಲಿ ಹೋಮ. ರಂಧ್ರದ ಅಳತೆಯನ್ನು ಬಣ್ಣ ಬಳಿದ ಮೇಲೆ ತೆಗೆದುಕೊಳ್ಳಬೇಕು ಎಂಬುದನ್ನೂ ಸೇರಿಸಿಕೊಳ್ಳಿ.

ಯಾವ ಪ್ಲಾಸ್ಟಿಕ್? ಪಾಲಿಪ್ರೊಪಿಲೀನ್ ಅಗ್ಗ, ಹಗುರ, ಬಾಗುವುದರಲ್ಲಿ ಜಾಣ. ಆದರೆ 80 ಡಿಗ್ರಿಯಲ್ಲಿ ಅದರ ಬಿಗಿತ ಮೂರನೇ ಒಂದಕ್ಕೆ ಇಳಿಯುತ್ತದೆ, ಸತತ ಭಾರಕ್ಕೆ ಮೆಲ್ಲಗೆ ಜೋತುಬೀಳುತ್ತದೆ. ಎಲಾಸ್ಟಿಕ್ ಬಲೆ ಹಿಡಿಯುವ ಕೊಕ್ಕೆಗೆ ಇದು ದೊಡ್ಡ ಕೊರತೆ: ಬಲೆಯ ಎಳೆತ ಕಡಿಮೆಯೇ, ಆದರೆ ವರ್ಷವಿಡೀ ಇರುತ್ತದೆ. ನೈಲಾನ್ 66 ಗಟ್ಟಿಗ. ಅದರ ತೊಂದರೆ ನೀರು. ಅಚ್ಚಿನಿಂದ ಆಗಷ್ಟೇ ಬಂದ ಒಣ ತುಂಡಿನ ಬಿಗಿತ 3,000 ಮೆಗಾಪಾಸ್ಕಲ್ ಇದ್ದರೆ, ಗಾಳಿಯಿಂದ ಶೇಕಡಾ 2.5ರಷ್ಟು ತೇವ ಹೀರಿಕೊಂಡ ಮೇಲೆ ಹೆಚ್ಚುಕಡಿಮೆ ಅರ್ಧ. ಒಣಗಿದ್ದಾಗ ನಾಲಿಗೆ ಪಟ್ಟನೆ ಮುರಿಯುತ್ತದೆ, ತೇವವಾದಾಗ ತೋಳು ಬಾಗುತ್ತದೆ. ಮಂಗಳೂರಿನ ಮಳೆಗಾಲಕ್ಕೂ ಕಲಬುರಗಿಯ ಬೇಸಿಗೆಗೂ ಒಂದೇ ಕೊಕ್ಕೆ ಹೊಂದಬೇಕು. ಗಾಜಿನ ನಾರು ಸೇರಿಸಿದ ನೈಲಾನ್ ತೋಳಿಗೆ ಚೆನ್ನ, ನಾಲಿಗೆಗೆ ಯಮ.

ಎಬಿಎಸ್, ಪಾಲಿಕಾರ್ಬೊನೇಟ್ ಎರಡೂ ನೋಡಲು ಅಂದ. ಆದರೆ ಸ್ಟ್ರೆಸ್ ಇರುವ ಜಾಗಕ್ಕೆ ಎಣ್ಣೆ, ಪಾಲಿಶ್, ಸೆಂಟಿನ ದ್ರವ ತಾಗಿದರೆ ನವಿರಾದ ಬಿರುಕುಗಳು ಏಳುತ್ತವೆ. ಕೊಬ್ಬರಿ ಎಣ್ಣೆಯ ಡಬ್ಬಿ ಸೋರುವ ಚೀಲವನ್ನೇ ತಾನೇ ನಾವು ಈ ಕೊಕ್ಕೆಗೆ ನೇತುಹಾಕುವುದು? ಹೀಗೆ ಒಂದೊಂದನ್ನೇ ಬಿಡುತ್ತ ಬಂದರೆ ಅಸಿಟಾಲ್ ಉಳಿಯುತ್ತದೆ: ನೀರು ಕುಡಿಯುವುದಿಲ್ಲ, ಎಣ್ಣೆಗೆ ಜಗ್ಗುವುದಿಲ್ಲ, ಬಾಗಿಸಿ ಬಿಟ್ಟರೆ ಮರಳುತ್ತದೆ. ಅದರ ಶತ್ರುಗಳು ಎರಡು, ನೇರ ಬಿಸಿಲು ಮತ್ತು ಪ್ರಬಲ ಆಮ್ಲ. ಟಾಯ್ಲೆಟ್ ತೊಳೆಯುವ ಆಮ್ಲದ ಬಾಟಲಿ ಅದೇ ಚೀಲದಲ್ಲಿ ಸೋರಿದರೆ ಅಸಿಟಾಲ್ ಕೂಡ ಸೋಲುತ್ತದೆ. ಸತತ ಭಾರದಲ್ಲಿ 1,000 ಗಂಟೆ ಇಟ್ಟರೆ ಇದರ ಬಿಗಿತವೂ ಅರ್ಧದ ಹತ್ತಿರ ಇಳಿಯುತ್ತದೆ. ಬಲೆಯ ಕೊಕ್ಕೆಯ ಲೆಕ್ಕಕ್ಕೆ ಆ ಇಳಿದ ಸಂಖ್ಯೆಯನ್ನೇ ಬಳಸಿ.

ಅಚ್ಚಿನ ಕಡೆ ಬರೋಣ. ಕೊಕ್ಕೆಯನ್ನು ಪಕ್ಕಕ್ಕೆ ಮಲಗಿಸಿ, ಅದರ ಬದಿಯ ನೋಟ ಅಚ್ಚು ಬಿಚ್ಚುವ ದಿಕ್ಕಿಗೆ ಎದುರಾಗುವಂತೆ ಇಟ್ಟರೆ ಬಾಯಿ, ನಾಲಿಗೆ, ತೋಳಿನ ಎರಡು ಬದಿಯ ಕುಳಿಗಳು ಎಲ್ಲವೂ ಸ್ಲೈಡರ್ (ಅಚ್ಚಿನಲ್ಲಿ ಪಕ್ಕಕ್ಕೆ ಸರಿಯುವ ತುಂಡು) ಇಲ್ಲದೆ ಬಿಡಿಸಿಕೊಳ್ಳುತ್ತವೆ. ಪ್ರತಿ ಬದಿಗೆ ಒಂದು ಡಿಗ್ರಿ ಇಳಿಜಾರು ಸಾಕು. ಇದಕ್ಕೆ ತೆರುವ ಬೆಲೆಯೆಂದರೆ ಅಚ್ಚಿನ ಎರಡು ಹೋಳು ಸೇರುವ ಗೆರೆ ಚೀಲದ ಹಿಡಿ ಕೂರುವ ಮೈಯ ಮೇಲೇ ಹಾಯುತ್ತದೆ. ಅಲ್ಲಿ ಫ್ಲ್ಯಾಶ್, ಅಂದರೆ ಸಂದಿಯಿಂದ ಹೊರಚಾಚಿದ ಪ್ಲಾಸ್ಟಿಕ್ಕಿನ ತೆಳು ಅಂಚು ಬಂದರೆ ತೆಳುವಾದ ಹಿಡಿಯನ್ನು ಬ್ಲೇಡಿನಂತೆ ಕೊಯ್ಯುತ್ತದೆ. ಹೋಳುಗಳ ಹೊಂದಾಣಿಕೆ ಆ ಭಾಗದಲ್ಲಿ 0.05 ಮಿ.ಮೀ. ಒಳಗಿರಲಿ ಎಂದು ಡ್ರಾಯಿಂಗಿನಲ್ಲೇ ಬರೆಯಿರಿ.

ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ನುಗ್ಗುವ ಬಾಯಿಯನ್ನು, ಅಂದರೆ ಗೇಟನ್ನು, ಬುಡದ ದಪ್ಪ ಭಾಗದಲ್ಲಿ ಕೊಡಿ. ತುದಿಯಿಂದ ಕೊಟ್ಟರೆ ತೆಳುವಾದ ಭಾಗ ಮೊದಲು ಹೆಪ್ಪುಗಟ್ಟಿ, ದಪ್ಪ ಬುಡಕ್ಕೆ ಒತ್ತಡ ತಲುಪದೆ ಗುಳ್ಳೆ ಉಳಿಯುತ್ತದೆ. ಕರಗಿದ ಎರಡು ಹರಿವುಗಳು ಕೂಡುವ ವೆಲ್ಡ್ ಲೈನ್ ನಾಲಿಗೆಯ ಬುಡದಲ್ಲಿ ಬೀಳದಂತೆ ನೋಡಿಕೊಳ್ಳಿ. ಬುಡದ ಮೂಲೆಯ ದುಂಡು ನಾಲಿಗೆಯ ದಪ್ಪದ ಅರ್ಧದಷ್ಟು, ಅಂದರೆ 0.6 ಮಿ.ಮೀ. ಇರಲೇಬೇಕು. ಅದಕ್ಕಿಂತ ಹೆಚ್ಚಿಸಿದರೆ ಹೇಳಿಕೊಳ್ಳುವ ಲಾಭವಿಲ್ಲ, ಕಡಿಮೆ ಮಾಡಿದರೆ ನಷ್ಟ ತಕ್ಷಣ. ತುಂಡಿನ ಒಳಮೂಲೆ ಅಚ್ಚಿನ ಉಕ್ಕಿನಲ್ಲಿ ಹೊರಮೂಲೆ. ಟೂಲ್ ರೂಮಿನವರಿಗೆ ಹೇಳದಿದ್ದರೆ ಅದು ಚೂಪಾಗಿಯೇ ಉಳಿಯುತ್ತದೆ.

ನಾಲಿಗೆಯ ದಪ್ಪವನ್ನು ಮೊದಲ ಅಚ್ಚಿನಲ್ಲಿ 1.2ರ ಬದಲು 1.05 ಇಟ್ಟು ನೋಡಿ. ದಪ್ಪ ಸಾಲದಿದ್ದರೆ ಉಕ್ಕು ಕೆರೆದರಾಯಿತು. ಹೆಚ್ಚಾದರೆ ಉಕ್ಕಿಗೆ ಬೆಸುಗೆ ಹಾಕಿಸಬೇಕು. ಅಸಿಟಾಲ್ ಸುಮಾರು ಶೇಕಡಾ 2 ಕುಗ್ಗುತ್ತದೆ. ಅದಕ್ಕೆಂದು ಮಾಡಿದ ಅಚ್ಚಿನಲ್ಲಿ ಗಾಜಿನ ನಾರಿನ ನೈಲಾನ್ ಸುರಿದು ‘ಅಳತೆ ಬರ್ತಿಲ್ಲ’ ಎಂದರೆ ಅಚ್ಚಿನ ತಪ್ಪಲ್ಲ.

ಅಚ್ಚಿನ ಉಷ್ಣತೆ 80ರಿಂದ 100 ಡಿಗ್ರಿ ಇರಲಿ. ಬೇಗ ಬೇಗ ತುಂಡು ಉದುರಲಿ ಎಂದು 40 ಡಿಗ್ರಿಗೆ ಇಳಿಸಿದರೆ ಕುಗ್ಗುವುದು ಅರ್ಧಕ್ಕೇ ನಿಂತು, ಉಳಿದದ್ದು ಬಿಸಿಯಾದ ಕಾರಿನೊಳಗೆ ನಡೆಯುತ್ತದೆ. ಆಗ ಸ್ನ್ಯಾಪ್ ಸಡಿಲ. ಹೋಲ್ಡಿಂಗ್ ಸಮಯವನ್ನು (ಅಚ್ಚು ತುಂಬಿದ ಮೇಲೂ ಒತ್ತಡ ಹಿಡಿದಿಡುವ ಸಮಯವನ್ನು) ಊಹೆಯಿಂದ ಇಡಬೇಡಿ. ಸಮಯ ಏರಿಸುತ್ತ ಪ್ರತಿ ತುಂಡನ್ನೂ ತೂಗಿ. ತೂಕ ಏರುವುದು ಎಲ್ಲಿ ನಿಲ್ಲುತ್ತದೋ ಅಲ್ಲಿ ಗೇಟ್ ಹೆಪ್ಪುಗಟ್ಟಿದೆ ಎಂದರ್ಥ. ಪ್ಲಾಸ್ಟಿಕ್ ಕರಗಿಸುವ ಮೆಷಿನ್ನಿನ ಬ್ಯಾರೆಲಿನಲ್ಲಿ ಅಸಿಟಾಲ್ ಅತಿಯಾಗಿ ಕಾದರೆ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತದೆ, ಕಣ್ಣು ಉರಿಯುತ್ತದೆ. ಅದೇ ಮೆಷಿನ್ನಿನಲ್ಲಿ ಹಿಂದೆ ಪಿವಿಸಿ ಓಡಿಸಿದ್ದರೆ ಪೂರ್ತಿ ತೊಳೆಯದೆ ಅಸಿಟಾಲ್ ಹಾಕಲೇಬೇಡಿ: ಎರಡೂ ಸೇರಿದರೆ ಒಂದನ್ನೊಂದು ಕೆಡಿಸಿ ಬ್ಯಾರೆಲಿನೊಳಗೆ ಅನಿಲದ ಒತ್ತಡ ಅಪಾಯಕ್ಕೆ ಏರುತ್ತದೆ.

ಮುರಿದ ಕೊಕ್ಕೆ ವಾಪಸ್ ಬಂದಾಗ ಎಸೆಯಬೇಡಿ, ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿ. ಒಳಮೂಲೆಯಿಂದ ಶುರುವಾಗಿ ಬಿಳಿಚದೆ ನೇರವಾಗಿ ಸೀಳಿದ್ದರೆ ದುಂಡು ಸಾಲದು. ನಡುವೆ ಗುಳ್ಳೆ ಕಂಡರೆ ಹೋಲ್ಡಿಂಗ್ ಸಾಲದು. ಮುಖ ನುಣ್ಣಗೆ, ಅಂಟಿಸಿ ಬಿಡಿಸಿದಂತೆ ಇದ್ದರೆ ವೆಲ್ಡ್ ಲೈನ್. ಮೇಲ್ಮೈಯಲ್ಲಿ ಒಂದರ ಪಕ್ಕ ಒಂದು ಕೂದಲಿನಂಥ ಬಿರುಕುಗಳಿದ್ದರೆ ರಾಸಾಯನಿಕ. ಪಾಲಿಪ್ರೊಪಿಲೀನ್ ಅಗಲಕ್ಕೆ ಬಿಳಿಚಿ ಎಳೆದುಕೊಂಡು ಮುರಿದಿದ್ದರೆ ಕೊಕ್ಕೆಯದಲ್ಲ ತಪ್ಪು, ಯಾರೋ ಅಕ್ಕಿ ಮೂಟೆ ನೇತುಹಾಕಿದ್ದಾರೆ.

ಉಪನ್ಯಾಸದ ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇವೆ.

ಮೊದಲ ಮಾದರಿಯನ್ನು ತ್ರೀಡಿ ಪ್ರಿಂಟರಿನಲ್ಲಿ ತೆಗೆದು ಪರೀಕ್ಷಿಸಬಹುದೇ? ಆಕಾರ, ಕೈಗೆ ಸಿಗುವ ಅನುಕೂಲ, ರಂಧ್ರಕ್ಕೆ ಕೂರುತ್ತದೆಯೇ ಎಂಬುದನ್ನು ನೋಡಬಹುದು. ಕೊಕ್ಕೆಯನ್ನು ಪಕ್ಕಕ್ಕೆ ಮಲಗಿಸಿ ಪ್ರಿಂಟ್ ಮಾಡಿ. ನಿಲ್ಲಿಸಿ ಮಾಡಿದರೆ ಪದರಗಳು ತೋಳಿಗೆ ಅಡ್ಡ ಬಂದು ಪದರದಲ್ಲೇ ಬಿರಿಯುತ್ತದೆ. ಪಿಎಲ್‌ಎ 60 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ, ಹಾಗಾಗಿ ಬಿಸಿಲಲ್ಲಿ ನಿಂತ ಕಾರಿನಲ್ಲಿ ಅದನ್ನು ಪರೀಕ್ಷಿಸಿ ಪ್ರಯೋಜನವಿಲ್ಲ. ನಾಲಿಗೆಯ ಬಾಗು ಹೇಗಿದೆ ಎಂದು ತಿಳಿಯಬೇಕಾದರೆ ಪುಡಿ ನೈಲಾನನ್ನು ಲೇಸರಿನಿಂದ ಬೆಸೆದ ಮಾದರಿ ಮಾಡಿಸಿ. ಭಾರದ ಅಂಕಿಗಳನ್ನು ಮಾತ್ರ ಅಚ್ಚಿನಿಂದ ಬಂದ ನಿಜವಾದ ತುಂಡಿನಿಂದಲೇ ತೆಗೆಯಬೇಕು: ಮೈನಸ್ 30, 23, 80 ಡಿಗ್ರಿಗಳಲ್ಲಿ ಮುರಿಯುವ ಭಾರ, ಜೊತೆಗೆ 80 ಡಿಗ್ರಿಯಲ್ಲಿ 3 ಕೆ.ಜಿ. ನೇತುಹಾಕಿ 24 ಗಂಟೆ ಕಳೆದ ಮೇಲೆ ಉಳಿದ ಜೋಲು.

ಇದನ್ನೇ ದೊಡ್ಡದಾಗಿ ಮಾಡಿ ಲಾರಿಯ ಸರಕಿಗೆ ಬಳಸಬಹುದೇ? ಬೇಡ. 12 ಟನ್ ಮೀರಿದ ಲಾರಿಗಳ ಕಟ್ಟುಬಿಂದುವಿಗೆ ಯುರೋಪಿನ ಇಎನ್ 12640 ಮಾನದಂಡ ಹೇಳುವುದು 20 ಕಿಲೋನ್ಯೂಟನ್. ನಮ್ಮ 90 ನ್ಯೂಟನ್ ಅದರ ಇನ್ನೂರರಲ್ಲೊಂದು ಪಾಲೂ ಅಲ್ಲ. ಟಾರ್ಪಾಲಿನ ಅಂಚು ಗಾಳಿಗೆ ಹಾರದಂತೆ ಹಿಡಿಯುವುದಕ್ಕೆ ಬೇಕಾದರೆ ಪ್ಲಾಸ್ಟಿಕ್ ಕೊಕ್ಕೆ ಬಳಸಿ; ಬಿಸಿಲಿಗೆ ಒಡ್ಡಿಕೊಳ್ಳುವುದರಿಂದ ಶೇಕಡಾ 2ರಷ್ಟು ಕಾರ್ಬನ್ ಕಪ್ಪು ಸೇರಿಸಿದ ಗ್ರೇಡನ್ನೇ ತೆಗೆದುಕೊಳ್ಳಿ. ಮೂಟೆ ಬಿಗಿಯುವ ಹಗ್ಗ ಮಾತ್ರ ಲಾರಿ ಬಾಡಿಯ ಕಬ್ಬಿಣದ ಕೊಕ್ಕೆಗೇ ಹೋಗಲಿ.